ತಪ್ಪಾದರೆ ದಂಡ ತೆರುವವರು ಯಾರು?

ಇವತ್ತಿನ ಮಾತಿಗೆ ನನಗೆ ಕೊಟ್ಟ ವಿಷಯದಲ್ಲಿ ನಾಲ್ಕು ಬಾಬುಗಳಿವೆ: ರಾಜಕೀಯ, ಅರ್ಥವ್ಯವಸ್ಥೆ, ವಿಜ್ಞಾನ, ದಿನನಿತ್ಯದ ಬದುಕು. ನಾಲ್ಕರ ಬಗ್ಗೆಯೂ ನನ್ನ ಸ್ವಂತ ಅಭಿಪ್ರಾಯ ಹೇಳಬೇಕಂತೆ. ಅಭಿಪ್ರಾಯಗಳಿಗೆ ನನ್ನಲ್ಲಿ ಬರವಿಲ್ಲ, ನಿಮ್ಮಲ್ಲೂ ಇರಲಾರದು. ಆದರೆ ಒಂದೊಂದನ್ನೇ ತೆಗೆದು ಹೇಳುತ್ತ ಹೋದರೆ ಏನಾಗುತ್ತದೆ ಎಂಬುದು ಗೊತ್ತಿರುವುದೇ. ಅರ್ಧ ಸಭೆ ತಲೆದೂಗುತ್ತದೆ, ಇನ್ನರ್ಧ ಒಳಗೊಳಗೇ ಹಲ್ಲು ಕಡಿಯುತ್ತದೆ, ಕೊನೆಗೆ ಎಲ್ಲರೂ ಬರುವಾಗ ಇದ್ದ ಅಭಿಪ್ರಾಯವನ್ನೇ ಭದ್ರವಾಗಿ ಹೊತ್ತುಕೊಂಡು ಹಿಂದಿರುಗುತ್ತಾರೆ. ಹಾಗಾಗಿ ನಾಲ್ಕಕ್ಕೂ ಒಂದೇ ಪ್ರಶ್ನೆ ಹಾಕುತ್ತೇನೆ. ಈ ಅಭಿಪ್ರಾಯ ತಪ್ಪಾಗಿದ್ದರೆ ದಂಡ ತೆರುವವರು ಯಾರು? ನಾನೇ ತೆರಬೇಕಾದರೆ, ಅದು ನನ್ನ ಬಾಗಿಲಿಗೆ ಬರುವುದು ಎಷ್ಟು ದಿನಕ್ಕೆ? ಇದಕ್ಕೆ ಉತ್ತರ ಸಿಕ್ಕರೆ, ಯಾವ ಮಾತನ್ನು ಎಷ್ಟು ಗಟ್ಟಿ ದನಿಯಲ್ಲಿ ಹೇಳಬಹುದು ಎಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಸೋಜಿಗವೆಂದರೆ ನಾವು ನಡೆದುಕೊಳ್ಳುವುದು ಇದಕ್ಕೆ ತದ್ವಿರುದ್ಧವಾಗಿ. ದಂಡ ಬೀಳದ ಕಡೆಯೇ ನಮ್ಮ ಗಂಟಲು ದೊಡ್ಡದು.

ಸುಲಭದ್ದರಿಂದ ಶುರುಮಾಡುತ್ತೇನೆ, ದಿನನಿತ್ಯದ ಬದುಕು. ಇಸ್ತ್ರಿ ಪೆಟ್ಟಿಗೆ ಆರಿದೆ ಎಂಬುದು ಒಂದು ಅಭಿಪ್ರಾಯ. ಬೆರಳು ತಾಗಿದ ಕೂಡಲೇ ತೀರ್ಪು ಬರುತ್ತದೆ, ಮೇಲ್ಮನವಿಗೆ ಅವಕಾಶವಿಲ್ಲ. ಕೊನೆಯ ಬಸ್ ಇನ್ನೂ ಹೋಗಿಲ್ಲ, ಈ ಏಣಿ ನನ್ನ ಭಾರ ತಾಳುತ್ತದೆ, ಮೊಬೈಲಿನ ಚಾರ್ಜ್ ಮನೆ ಮುಟ್ಟುವವರೆಗೆ ಸಾಕು, ಇವೂ ಅಭಿಪ್ರಾಯಗಳೇ. ಇವುಗಳ ಮೇಲೆ ಯಾರೂ ಪಂಥ ಕಟ್ಟುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಬಿಸಿಯಾಗಿದೆ ಎನ್ನುವ ಪಕ್ಷ, ಇಲ್ಲ ಎನ್ನುವ ಪಕ್ಷ ಎಂದು ಜನ ಎರಡು ಹೋಳಾದದ್ದನ್ನು ನೀವು ನೋಡಿರಲಾರಿರಿ. ತಪ್ಪಿದವನ ಬೆರಳೇ ಸುಡುವ ಕಡೆ ಮನುಷ್ಯರು ಬಹಳ ಬೇಗ ವಿವೇಕಿಗಳಾಗುತ್ತಾರೆ.

ಆದರೆ ದಿನನಿತ್ಯದ ಬದುಕಿನಲ್ಲೂ ತೀರ್ಪು ತಡವಾಗುವ ವಿಷಯಗಳಿವೆ. ಮಕ್ಕಳನ್ನು ಬೆಳೆಸುವುದು, ಎಷ್ಟು ಹೊತ್ತು ಮಲಗುವುದು, ಯಾವ ಕಾಯಿಲೆಗೆ ಏನು ಮದ್ದು. ನೆಗಡಿಯನ್ನೇ ನೋಡಿ. ಅದು ಏನೂ ಮಾಡದಿದ್ದರೂ ವಾರ, ಹತ್ತು ದಿನದಲ್ಲಿ ಇಳಿಯುತ್ತದೆ. ನಾವು ಮದ್ದು ತೆಗೆದುಕೊಳ್ಳುವುದು ಅದು ತೀರಾ ಜೋರಾದ ದಿನ, ಅಂದರೆ ಇನ್ನು ಇಳಿಯುವುದೊಂದೇ ಬಾಕಿ ಇರುವ ದಿನ. ಮಾರನೆಯ ದಿನ ಮೂಗು ಸ್ವಲ್ಪ ತೆರೆಯುತ್ತದೆ, ಕೀರ್ತಿ ಮದ್ದಿಗೆ ಹೋಗುತ್ತದೆ. ಪ್ರತಿ ಮನೆಯಲ್ಲೂ ಒಂದೊಂದು ಮದ್ದು, ಪ್ರತಿಯೊಂದೂ ರಾಮಬಾಣ! ಇಲ್ಲಿ ತಪ್ಪಿದರೂ ಯಾರಿಗೂ ಏನೂ ಆಗುವುದಿಲ್ಲ, ಅದಕ್ಕೇ ಈ ಅಭಿಪ್ರಾಯಗಳು ತಲೆಮಾರುಗಟ್ಟಲೆ ಬಾಳುತ್ತವೆ. ಹಾನಿ ಮಾಡದ ನಂಬಿಕೆಗೆ ಸಾವಿಲ್ಲ. ಆ ಬಗ್ಗೆ ನನಗೆ ತಕರಾರೂ ಇಲ್ಲ. ಅದೇ ತರ್ಕವನ್ನು ಗಂಭೀರ ಕಾಯಿಲೆಗೆ ಒಯ್ದಾಗ ಮಾತ್ರ ಭಯವಾಗುತ್ತದೆ.

ಈಗ ನಿಮ್ಮ ಕೈಯಲ್ಲಿರುವ ಕಾರ್ಯಕ್ರಮದ ಹಾಳೆಯನ್ನು ತಿರುಗಿಸಿ, ಹಿಂಬದಿಯಲ್ಲಿ ಒಂದು ಸೈಕಲ್ಲಿನ ಚಿತ್ರ ಬರೆಯಿರಿ. ಚೆಂದ ಇರಬೇಕಾಗಿಲ್ಲ. ಎರಡು ಚಕ್ರ, ಹ್ಯಾಂಡಲ್, ಪೆಡಲ್, ಚೈನು, ಚಕ್ರಗಳನ್ನು ಹಿಡಿದಿರುವ ಚೌಕಟ್ಟು, ಇಷ್ಟು ಸಾಕು. ಪಕ್ಕದವರ ಹಾಳೆ ನೋಡಬೇಡಿ.

ಬರೆದಿರಾ? ಚೈನನ್ನು ಎರಡೂ ಚಕ್ರಗಳಿಗೆ ಸುತ್ತಿದವರು ಎಷ್ಟು ಮಂದಿ? ಪರವಾಗಿಲ್ಲ, ಕೈ ಎತ್ತಿ. ನೀವು ಬರೆದ ಸೈಕಲ್ ತಿರುವಿನಲ್ಲಿ ತಿರುಗಲಾರದು. ಹ್ಯಾಂಡಲ್ ತಿರುಗಿಸಿದರೆ ಮುಂದಿನ ಚಕ್ರವೂ ತಿರುಗಬೇಕು, ಚೈನು ಅದಕ್ಕೂ ಸುತ್ತಿಕೊಂಡಿದ್ದರೆ ಆ ಕ್ಷಣವೇ ಕಳಚಿಕೊಳ್ಳುತ್ತದೆ. ಇನ್ನು ಕೆಲವರು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಒಂದು ನೇರ ಕಂಬಿ ಎಳೆದಿದ್ದೀರಿ. ಅದೂ ನೇರ ಗೋಡೆಗೇ ಹೋಗುವ ಸೈಕಲ್. ನಿಜವಾದ ಸೈಕಲ್ಲಿನಲ್ಲಿ ಪೆಡಲ್ ಇರುವುದು ನಡುವೆ, ಚೈನು ಹೋಗುವುದು ಹಿಂದಿನ ಚಕ್ರಕ್ಕೆ ಮಾತ್ರ. ಮುಂದಿನ ಚಕ್ರ ಒಂದು ಕವೆಗೆ ಸಿಕ್ಕಿಕೊಂಡು ಸ್ವತಂತ್ರವಾಗಿ ತಿರುಗುತ್ತದೆ. ಲಿವರ್‌ಪೂಲ್ ವಿಶ್ವವಿದ್ಯಾಲಯದ ರೆಬೆಕ್ಕಾ ಲಾಸನ್ ಎಂಬ ಮನಶ್ಶಾಸ್ತ್ರಜ್ಞೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಪರೀಕ್ಷೆ ಇತ್ತು. ಸೈಕಲ್ ತುಳಿಯುವವರೂ ತಪ್ಪು ಮಾಡಿದ್ದರು.

ಇದಕ್ಕೂ ಮುಂಚೆ, 2002ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಲಿಯೊನಿಡ್ ರೋಜನ್‌ಬ್ಲಿಟ್ ಮತ್ತು ಫ್ರಾಂಕ್ ಕೈಲ್ ಎಂಬವರು ಇನ್ನೊಂದು ಬಗೆಯಲ್ಲಿ ಇದನ್ನೇ ತೋರಿಸಿದ್ದರು. ಜಿಪ್, ಬೀಗ, ಹೊಲಿಗೆ ಯಂತ್ರ, ಶೌಚಾಲಯದ ಫ್ಲಶ್ ಇಂಥವು ಹೇಗೆ ಕೆಲಸ ಮಾಡುತ್ತವೆ ಎಂಬುದು ನಿಮಗೆ ಎಷ್ಟು ಗೊತ್ತು, ಒಂದರಿಂದ ಏಳರವರೆಗೆ ನಿಮಗೆ ನೀವೇ ಅಂಕ ಕೊಟ್ಟುಕೊಳ್ಳಿ ಎಂದರು. ಜನ ಧಾರಾಳವಾಗಿ ಕೊಟ್ಟುಕೊಂಡರು. ಸರಿ, ಈಗ ಹಂತಹಂತವಾಗಿ ವಿವರಿಸಿ ಬರೆಯಿರಿ ಎಂದರು. ಬರೆದ ಮೇಲೆ ಮತ್ತೆ ಅಂಕ ಕೇಳಿದಾಗ ಸರಾಸರಿ ಕೆಳಗಿಳಿದಿತ್ತು. ಬಳಸಿ ಗೊತ್ತಿರುವುದನ್ನು ನಾವು ತಿಳಿದು ಗೊತ್ತಿರುವುದೆಂದು ಲೆಕ್ಕ ಹಾಕಿಕೊಂಡಿರುತ್ತೇವೆ.

ಇಲ್ಲಿಂದ ರಾಜಕೀಯಕ್ಕೆ ಒಂದೇ ಹೆಜ್ಜೆ. 2013ರಲ್ಲಿ ಫಿಲಿಪ್ ಫರ್ನ್‌ಬಾಕ್ ಮತ್ತು ಸಂಗಡಿಗರು ಜಿಪ್ಪಿನ ಜಾಗದಲ್ಲಿ ಸರ್ಕಾರದ ನೀತಿಗಳನ್ನು ಇಟ್ಟರು. ತೆರಿಗೆ, ಆರೋಗ್ಯ ವಿಮೆ, ಪಿಂಚಣಿ, ಇಂಥವು. ಈ ನೀತಿ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಲು ಹೇಳಿದಾಗ ಜನರ ತಿಳಿವಿನ ಅಂಕ ಇಳಿಯಿತು, ಜೊತೆಗೆ ಅವರ ನಿಲುವಿನ ತೀವ್ರತೆಯೂ ತಗ್ಗಿತು ಎಂಬುದು ಅವರ ಫಲಿತಾಂಶ. ಬಹಳ ಹಿತವಾದ ಫಲಿತಾಂಶ! ಇಂಥ ಉಪನ್ಯಾಸ ಕೊಡುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತೆಗೆದುಕೊಳ್ಳುತ್ತಾರೆ. ಆದರೆ 2021ರಲ್ಲಿ ಬೇರೆ ಸಂಶೋಧಕರು ಅದೇ ಪ್ರಯೋಗವನ್ನು ಮುಂಚಿತವಾಗಿ ನಿಯಮ ಬರೆದಿಟ್ಟು, ಮೂರು ಸಲ, ಹೆಚ್ಚು ಜನರ ಮೇಲೆ ಮಾಡಿದರು. ತಿಳಿವಿನ ಅಂಕ ಹಿಂದಿನಂತೆಯೇ ಇಳಿಯಿತು. ನಿಲುವು ಮಾತ್ರ ಅಲುಗಲಿಲ್ಲ.

ಈ ಎರಡನೆಯ ಫಲಿತಾಂಶವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಈ ವಿಷಯ ನನಗೆ ಅಷ್ಟಾಗಿ ಗೊತ್ತಿಲ್ಲ ಎಂದು ತಾನೇ ಬರೆದುಕೊಟ್ಟ ಮನುಷ್ಯ, ಮರುಕ್ಷಣವೇ ಅದೇ ವಿಷಯದಲ್ಲಿ ಮೊದಲಿನಷ್ಟೇ ಬಿಗಿಯಾಗಿ ನಿಲ್ಲುತ್ತಾನೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಮೊಲದ ಕಾಲು ಎಣಿಸಲು ಬಾರದವನೇನಲ್ಲ. ಎಣಿಸಿದರೂ ಅವನಿಗೆ ಲಾಭವಿಲ್ಲ, ಎಣಿಸದಿದ್ದರೂ ನಷ್ಟವಿಲ್ಲ. ಅಜ್ಞಾನವನ್ನು ತೋರಿಸಿಕೊಟ್ಟರೆ ಜನ ತಣ್ಣಗಾಗುತ್ತಾರೆ ಎಂಬ ನಂಬಿಕೆ ಶಿಕ್ಷಕರದು, ಪತ್ರಕರ್ತರದು, ನನ್ನಂತೆ ಮೈಕಿನ ಮುಂದೆ ನಿಲ್ಲುವವರದು. ದಂಡದ ಲೆಕ್ಕ ಬದಲಾಗದೆ ಬರೀ ತಿಳಿವಳಿಕೆ ಬದಲಾದರೆ ಹೆಚ್ಚೇನೂ ಆಗದು ಎಂದು ನಾನು ಹೇಳುತ್ತೇನೆ.

ವಿಜ್ಞಾನಕ್ಕೆ ಬರೋಣ. ವಿಜ್ಞಾನಿಗಳು ನಮಗಿಂತ ವಿನಯವಂತರು ಎಂಬ ಭ್ರಮೆ ನನಗಿಲ್ಲ. ಅವರಲ್ಲೂ ಅಹಂಕಾರ, ಹೊಟ್ಟೆಕಿಚ್ಚು, ಹಟ ಎಲ್ಲವೂ ಧಾರಾಳವಾಗಿವೆ. ಆದರೆ ಅವರ ಕೆಲಸದ ಏರ್ಪಾಟೇ ಹಾಗಿದೆ: ತಪ್ಪು ಹುಡುಕಿದವನಿಗೆ ಬಹುಮಾನ ಇದೆ, ತಪ್ಪು ಮಾಡಿದವನ ಹೆಸರು ಪ್ರಬಂಧದ ಮೇಲೆಯೇ ಅಚ್ಚಾಗಿದೆ.

2011ರ ಸೆಪ್ಟೆಂಬರಿನಲ್ಲಿ ಒಪೆರಾ ಎಂಬ ಪ್ರಯೋಗದ ತಂಡ ಒಂದು ಸುದ್ದಿ ಕೊಟ್ಟಿತು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಹೊರಟ ನ್ಯೂಟ್ರಿನೊ ಕಣಗಳು ನೆಲದೊಳಗಿಂದಲೇ ಸುಮಾರು 730 ಕಿಲೋಮೀಟರ್ ದೂರ ಸಾಗಿ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯ ಸೇರುತ್ತವೆ. ಬೆಳಕು ಅಷ್ಟು ದೂರಕ್ಕೆ ತೆಗೆದುಕೊಳ್ಳುವ ಹೊತ್ತಿಗಿಂತ ಅವು ಸುಮಾರು 60 ನ್ಯಾನೊಸೆಕೆಂಡ್ ಮೊದಲೇ ತಲುಪಿದಂತೆ ಅಳತೆ ತೋರಿಸುತ್ತಿತ್ತು. ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿ ಅದರಲ್ಲಿ ಅರವತ್ತು ಭಾಗ. ನಿಜವಾಗಿದ್ದರೆ, ಬೆಳಕನ್ನು ಯಾವುದೂ ಹಿಂದಿಕ್ಕಲಾರದು ಎನ್ನುವ ಐನ್‌ಸ್ಟೈನರ ಸಿದ್ಧಾಂತದ ಬುಡವೇ ಅಲ್ಲಾಡುತ್ತಿತ್ತು. ಪತ್ರಿಕೆಗಳು ಅದನ್ನೇ ಬರೆದವು. ತಂಡ ಹೇಳಿದ್ದು ಬೇರೆ: ತಿಂಗಳುಗಟ್ಟಲೆ ಹುಡುಕಿದ್ದೇವೆ, ತಪ್ಪು ಸಿಗುತ್ತಿಲ್ಲ, ನೀವೂ ಹುಡುಕಿ. ಕೆಲವು ತಿಂಗಳ ನಂತರ ಸಿಕ್ಕಿತು. ಗಡಿಯಾರದ ವ್ಯವಸ್ಥೆಗೆ ಸಂಕೇತ ಒಯ್ಯುವ ಆಪ್ಟಿಕಲ್ ಫೈಬರ್ ಕೇಬಲ್ಲಿನ ಒಂದು ತುದಿ ಸರಿಯಾಗಿ ಕೂತಿರಲಿಲ್ಲ. 2012ರ ಹೊತ್ತಿಗೆ ಅಲ್ಲಿಯೇ ಇದ್ದ ಬೇರೆ ಉಪಕರಣಗಳೂ ನ್ಯೂಟ್ರಿನೊಗಳು ಬೆಳಕನ್ನು ಹಿಂದಿಕ್ಕಿಲ್ಲ ಎಂದು ಅಳೆದು ತೋರಿಸಿದವು.

ಆಮೇಲೆ ತಂಡದೊಳಗೆ ಅವಿಶ್ವಾಸದ ಮತ ನಡೆದು ಮುಂದಾಳುಗಳಿಬ್ಬರು ರಾಜೀನಾಮೆ ಕೊಟ್ಟರು. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಲೆಕ್ಕದ ಪುಸ್ತಕ ತೆರೆದಿಟ್ಟವರು ದಂಡ ತೆತ್ತರು. ಪುಸ್ತಕವನ್ನೇ ಇಡದವರು ಜಗತ್ತಿನ ಎಲ್ಲ ವಿಷಯಗಳ ಮೇಲೂ ಮಾತಾಡುತ್ತ ಹಾಯಾಗಿದ್ದಾರೆ. ಆದರೂ ಒಂದು ಕೇಬಲ್ ಸಡಿಲವಾಗಿದ್ದುದು ಆರು ತಿಂಗಳೊಳಗೆ ಇಡೀ ಜಗತ್ತಿಗೆ ಗೊತ್ತಾಗುವಂಥ ವ್ಯವಸ್ಥೆ ಬೇರೆ ಯಾವ ಕ್ಷೇತ್ರದಲ್ಲಿದೆ, ಹೇಳಿ.

ಇದರ ಇನ್ನೊಂದು ಮಗ್ಗುಲು ರೊನಾಲ್ಡ್ ಫಿಷರ್. ಇಪ್ಪತ್ತನೆಯ ಶತಮಾನದ ಸಂಖ್ಯಾಶಾಸ್ತ್ರಜ್ಞರಲ್ಲಿ ಮೊದಲ ಸಾಲಿನವರು. ಪ್ರಯೋಗ ಹೇಗೆ ಮಾಡಬೇಕು, ಫಲಿತಾಂಶವನ್ನು ಎಷ್ಟು ನಂಬಬೇಕು ಎಂದು ಜಗತ್ತಿಗೆ ಕಲಿಸಿದವರು. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ಹೋಲಿಸಿ, ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ನಂಟಿದೆ ಎಂದರು. ಮರುವರ್ಷದಿಂದ ಸುಮಾರು 40,000 ಬ್ರಿಟಿಷ್ ವೈದ್ಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೂ ಅದನ್ನೇ ಹೇಳತೊಡಗಿತು. ಫಿಷರ್ ಒಪ್ಪಲಿಲ್ಲ. ನಂಟು ಇದ್ದ ಮಾತ್ರಕ್ಕೆ ಕಾರಣ ಎನ್ನಲಾಗದು, ಸಿಗರೇಟಿನ ಚಟಕ್ಕೂ ಕ್ಯಾನ್ಸರಿಗೂ ಹುಟ್ಟಿನಿಂದ ಬಂದ ಒಂದೇ ಗುಣ ಕಾರಣವಾಗಿರಬಹುದು ಎಂದು ವಾದಿಸಿದರು. ತರ್ಕದಲ್ಲಿ ದೋಷವಿರಲಿಲ್ಲ, ಅಂಥ ಪ್ರಶ್ನೆ ಯಾರಾದರೂ ಕೇಳಲೇಬೇಕಿತ್ತು. ಆದರೆ ಪುರಾವೆ ಒಂದರ ಮೇಲೊಂದು ಬಂದು ಬೀಳುತ್ತಿದ್ದರೂ ಅವರು 1962ರಲ್ಲಿ ತೀರಿಕೊಳ್ಳುವವರೆಗೆ ಕದಲಲಿಲ್ಲ. ಅವರು ಪೈಪ್ ಸೇದುತ್ತಿದ್ದರು, ತಂಬಾಕು ಕಂಪನಿಗಳ ಕೂಟಕ್ಕೆ ಸಲಹೆಗಾರರಾಗಿದ್ದರು. ಅತ್ತ ಡಾಲ್ ತಾವೂ ಸೇದುತ್ತಿದ್ದವರು, ತಮ್ಮದೇ ಅಂಕಿಗಳನ್ನು ನೋಡಿ ಬಿಟ್ಟುಬಿಟ್ಟರು.

ಪರಿಣತರ ಮಾತು ಕೇಳಿ ಎಂದಷ್ಟೇ ಹೇಳುವವರಿಗೆ ಫಿಷರ್ ಒಂದು ತೊಡಕು. ಪರಿಣತರನ್ನು ನಂಬಬೇಡಿ ಎನ್ನುವವರಿಗೆ ಡಾಲ್ ತೊಡಕು. ನಾನು ನೋಡುವುದು ವ್ಯಕ್ತಿಯನ್ನಲ್ಲ. ಅವರ ಮಾತು ತಪ್ಪೆಂದು ತೋರಿಸಲು ಹೊರಟವರು ಎಷ್ಟು ಮಂದಿ, ಅವರಿಗೆ ಏನು ಸಿಕ್ಕಿತು ಎಂದು ನೋಡುತ್ತೇನೆ. ಯಾರೂ ಪರೀಕ್ಷೆಗೆ ಹೊರಡದ ಸಿದ್ಧಾಂತ ಎಷ್ಟು ದೊಡ್ಡವರ ಬಾಯಿಂದ ಬಂದರೂ ಅದು ಅಭಿಪ್ರಾಯವೇ.

ಅರ್ಥವ್ಯವಸ್ಥೆಯ ವಿಷಯ ಎತ್ತುವ ಮೊದಲು ಒಂದು ಸಣ್ಣ ಲೆಕ್ಕ. ಹಣದುಬ್ಬರ ಇಳಿಯಿತು ಎಂಬ ಸುದ್ದಿ ಬಂದ ದಿನ, ಎಲ್ಲಿ ಇಳಿದಿದೆ, ಬೆಲೆ ಹಾಗೇ ಇದೆಯಲ್ಲ ಎಂದು ಸಿಡುಕದವರಿಲ್ಲ. ನೂರು ಇದ್ದ ಬೆಲೆ ಒಂದು ವರ್ಷ ಶೇಕಡಾ 6ರಂತೆ ಏರಿದರೆ 106. ಮರುವರ್ಷ ಹಣದುಬ್ಬರ ಶೇಕಡಾ 3ಕ್ಕೆ ಇಳಿಯಿತು ಎನ್ನಿ, ಬೆಲೆ 109ಕ್ಕೆ ಏರುತ್ತದೆ, 103ಕ್ಕೆ ಇಳಿಯುವುದಿಲ್ಲ. ಇಳಿದದ್ದು ಏರುವ ವೇಗ. ಸರ್ಕಾರ ಸುಳ್ಳು ಹೇಳುತ್ತಿದೆ ಎಂಬ ಕೋಪದಲ್ಲಿ ಒಂದು ಪಾಲು ಈ ಲೆಕ್ಕ ಗೊತ್ತಿಲ್ಲದ್ದರಿಂದ ಬಂದದ್ದು. ಇನ್ನೊಂದು ಪಾಲು ನ್ಯಾಯವಾದದ್ದೇ, ಏಕೆಂದರೆ ಸೂಚ್ಯಂಕ ಅಳೆಯುವುದು ಸರಾಸರಿ ಕುಟುಂಬದ ಖರ್ಚನ್ನು; ಆದಾಯದ ಬಹುಪಾಲು ಬಾಡಿಗೆಗೂ ಆಹಾರಕ್ಕೂ ಹೋಗುವ ಮನೆಯ ಹಣದುಬ್ಬರವೇ ಬೇರೆ. ಸಿಡುಕುವವರನ್ನು ದಡ್ಡರೆನ್ನುವ ಅರ್ಥಶಾಸ್ತ್ರಜ್ಞರು ಈ ಎರಡನೆಯ ಪಾಲನ್ನು ಮರೆಯುತ್ತಾರೆ.

ಅರ್ಥಶಾಸ್ತ್ರದಲ್ಲಿ ದಂಡ ಬರುತ್ತದೆ, ಆದರೆ ತಡವಾಗಿ, ಅದೂ ಬೇರೆಯವರ ವಿಳಾಸಕ್ಕೆ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧ ಬರೆದರು. ಸಾರ್ವಜನಿಕ ಸಾಲ ದೇಶದ ಒಟ್ಟು ಉತ್ಪನ್ನದ ಶೇಕಡಾ 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ, ಅಂಥ ದೇಶಗಳ ಸರಾಸರಿ ಬೆಳವಣಿಗೆ ಸೊನ್ನೆಗಿಂತಲೂ ಕೆಳಗೆ, ಶೇಕಡಾ 0.1ರಷ್ಟು ಇಳಿಕೆ ಎಂದರು. ಆಗ ಯುರೋಪ್ ಮತ್ತು ಅಮೆರಿಕದಲ್ಲಿ ಸರ್ಕಾರಿ ಖರ್ಚು ಕಡಿತ ಮಾಡಬೇಕೆಂದು ಹೊರಟಿದ್ದ ರಾಜಕಾರಣಿಗಳಿಗೆ ಈ 90 ಎಂಬ ಸಂಖ್ಯೆ ವರದಂತೆ ಸಿಕ್ಕಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ, ಮೂಲ ಲೆಕ್ಕ ನೋಡಿದವರು ಯಾರೂ ಇರಲಿಲ್ಲ.

2013ರಲ್ಲಿ ನೋಡಿದವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್. ತರಗತಿಯ ಅಭ್ಯಾಸಕ್ಕೆಂದು ಪ್ರಬಂಧದ ಫಲಿತಾಂಶವನ್ನು ಮರಳಿ ಪಡೆಯಲು ಹೊರಟರು, ಆಗಲಿಲ್ಲ. ಲೇಖಕರನ್ನೇ ಕೇಳಿ ಅವರ ಎಕ್ಸೆಲ್ ಕಡತ ತರಿಸಿಕೊಂಡರು. ಸರಾಸರಿ ತೆಗೆಯುವ ಸೂತ್ರ ಕೊನೆಯ ಐದು ಸಾಲುಗಳನ್ನು ಸೇರಿಸಿಕೊಂಡೇ ಇರಲಿಲ್ಲ. ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡ, ಡೆನ್ಮಾರ್ಕ್ ಲೆಕ್ಕದಿಂದಲೇ ಬಿಟ್ಟುಹೋಗಿದ್ದವು. ಸುದ್ದಿಯಾದದ್ದು ಈ ಎಕ್ಸೆಲ್ ತಪ್ಪು, ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆ ಲೆಕ್ಕ ಹಾಕಿದ ರೀತಿಯದು. ಬ್ರಿಟನ್ನಿನಲ್ಲಿ ಸಾಲ ಶೇಕಡಾ 90ಕ್ಕೂ ಮೇಲಿದ್ದ 19 ವರ್ಷಗಳಿದ್ದವು, ಸರಾಸರಿ ಬೆಳವಣಿಗೆ ಶೇಕಡಾ 2.4. ನ್ಯೂಜಿಲೆಂಡಿನದು ಲೆಕ್ಕಕ್ಕೆ ಹಿಡಿದದ್ದು 1951ರ ಒಂದೇ ವರ್ಷ, ಶೇಕಡಾ 7.6ರಷ್ಟು ಕುಸಿತ. ಆ 19 ವರ್ಷಗಳಿಗೂ ಈ ಒಂದು ವರ್ಷಕ್ಕೂ ಸಮಾನ ತೂಕ ಕೊಡಲಾಗಿತ್ತು. ಎಲ್ಲವನ್ನೂ ಸರಿಪಡಿಸಿದಾಗ ಹರ್ನ್‌ಡನ್ ಮತ್ತು ಅವರ ಇಬ್ಬರು ಅಧ್ಯಾಪಕರಿಗೆ ಸಿಕ್ಕ ಸರಾಸರಿ ಶೇಕಡಾ 2.2 ಬೆಳವಣಿಗೆ. ಸಾಲ ಹೆಚ್ಚಿದ್ದ ಕಡೆ ಬೆಳವಣಿಗೆ ಸ್ವಲ್ಪ ಕಡಿಮೆ ಎಂಬುದು ಆಗಲೂ ಉಳಿಯಿತು, ಆದರೆ 90ರ ಅಂಚಿನಲ್ಲಿ ಪ್ರಪಾತ ಇರಲಿಲ್ಲ. ಸಾಲದಿಂದ ಬೆಳವಣಿಗೆ ಕುಗ್ಗುತ್ತದೋ, ಬೆಳವಣಿಗೆ ಕುಗ್ಗಿದ್ದರಿಂದ ಸಾಲ ಏರುತ್ತದೋ ಎಂಬ ಜಗಳವೂ ಹಾಗೇ ಉಳಿದಿದೆ.

ಆ ಮೂರು ವರ್ಷಗಳಲ್ಲಿ ಖರ್ಚು ಕಡಿತದಿಂದ ಕೆಲಸ ಕಳೆದುಕೊಂಡವರು, ಸೌಲಭ್ಯ ಕಳೆದುಕೊಂಡವರು ಈ ಪ್ರಬಂಧದ ಹೆಸರನ್ನೂ ಕೇಳಿರಲಾರರು. ಪ್ರಬಂಧವೊಂದೇ ಕಡಿತಕ್ಕೆ ಕಾರಣ ಎಂದರೆ ಅದೂ ಅತಿಶಯವಾಗುತ್ತದೆ. ಕಡಿತ ಮಾಡಬೇಕೆಂದಿದ್ದವರು ಬೇರೆ ನೆಪವನ್ನು ಹುಡುಕಿಕೊಳ್ಳುತ್ತಿದ್ದರು. ಅಂತೂ ಅಭಿಪ್ರಾಯ ಒಂದು ಕಡೆ, ದಂಡ ಇನ್ನೊಂದು ಕಡೆ.

ಇವೆರಡನ್ನೂ ಒಬ್ಬನ ಜೇಬಿನಲ್ಲೇ ಇಟ್ಟ ಅಪರೂಪದ ಪ್ರಸಂಗವೊಂದಿದೆ. ಜನಸಂಖ್ಯೆ ಹೀಗೇ ಏರಿದರೆ ಭೂಮಿಯ ಸಂಪನ್ಮೂಲ ಮುಗಿದುಹೋಗುತ್ತದೆ ಎಂದು ಜೀವವಿಜ್ಞಾನಿ ಪಾಲ್ ಎರ್ಲಿಕ್ ಹೇಳುತ್ತ ಬಂದಿದ್ದರು. ಮನುಷ್ಯರು ದಾರಿ ಕಂಡುಕೊಳ್ಳುತ್ತಾರೆ, ಏನೂ ಮುಗಿಯದು ಎಂಬುದು ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ವಾದ. 1980ರಲ್ಲಿ ಸೈಮನ್ ಪಂಥಕ್ಕೆ ಕರೆದರು. ಎರ್ಲಿಕ್ ಮತ್ತು ಇಬ್ಬರು ಸಂಗಡಿಗರು ತಾಮ್ರ, ಕ್ರೋಮಿಯಂ, ನಿಕ್ಕಲ್, ತವರ, ಟಂಗ್‌ಸ್ಟನ್ ಎಂಬ ಐದು ಲೋಹಗಳನ್ನು ಆರಿಸಿಕೊಂಡರು. ಒಂದೊಂದಕ್ಕೆ 200 ಡಾಲರ್, ಒಟ್ಟು ಸಾವಿರ. ಹಣದುಬ್ಬರ ಕಳೆದು 1990ರಲ್ಲಿ ಬೆಲೆ ಏರಿದ್ದರೆ ವ್ಯತ್ಯಾಸವನ್ನು ಸೈಮನ್ ಕೊಡಬೇಕು, ಇಳಿದಿದ್ದರೆ ಎರ್ಲಿಕ್ ಕೊಡಬೇಕು. ಆ ಹತ್ತು ವರ್ಷಗಳಲ್ಲಿ ಜಗತ್ತಿನ ಜನಸಂಖ್ಯೆ ಸುಮಾರು 80 ಕೋಟಿ ಏರಿತು. ಐದೂ ಲೋಹಗಳ ನೈಜ ಬೆಲೆ ಇಳಿಯಿತು. 1990ರ ಅಕ್ಟೋಬರಿನಲ್ಲಿ ಸೈಮನ್ ಮನೆಗೆ ಅಂಚೆಯಲ್ಲಿ ಬೆಲೆಗಳ ಪಟ್ಟಿ, 576 ಡಾಲರ್ 7 ಸೆಂಟಿನ ಚೆಕ್ಕು ಬಂದವು. ಜೊತೆಗೆ ಒಂದು ಸಾಲಿನ ಪತ್ರವೂ ಇರಲಿಲ್ಲ.

ನನಗೆ ಆ 7 ಸೆಂಟು ಬಹಳ ಇಷ್ಟ. ಅಷ್ಟು ಕರಾರುವಾಕ್ಕಾಗಿ ಸೋತ ಸಾರ್ವಜನಿಕ ವಾದ ಇನ್ನೊಂದು ನೆನಪಾಗುತ್ತಿಲ್ಲ. ಹಾಗೆಂದು ಸೈಮನ್ ವಾದ ಸಾಬೀತಾಯಿತೇ? ಇಲ್ಲ. ಆಮೇಲೆ ಲೆಕ್ಕ ಹಾಕಿ ನೋಡಿದವರು, ಬೇರೆ ಹತ್ತು ವರ್ಷಗಳ ಅವಧಿ ಆರಿಸಿದ್ದರೆ ಹಲವು ಬಾರಿ ಎರ್ಲಿಕ್ ಗೆಲ್ಲುತ್ತಿದ್ದರು ಎಂದು ತೋರಿಸಿದ್ದಾರೆ. 1980ರಲ್ಲಿ ಲೋಹಗಳ ಬೆಲೆ ಮೊದಲೇ ಎತ್ತರದಲ್ಲಿತ್ತು. ಮುಂದೆ 1990ರ ದಶಕದ ನಡುವಿನಲ್ಲಿ ಎರ್ಲಿಕ್ ಹವಾಮಾನ ವಿಜ್ಞಾನಿ ಸ್ಟೀಫನ್ ಶ್ನೈಡರ್ ಜೊತೆಗೂಡಿ ವಾತಾವರಣದ ಬಿಸಿ, ಕೃಷಿಭೂಮಿ, ಕಾಡು ಮುಂತಾದ 15 ಅಂಶಗಳ ಮೇಲೆ ಹೊಸ ಪಂಥ ಮುಂದಿಟ್ಟಾಗ ಸೈಮನ್ ಒಪ್ಪಲಿಲ್ಲ. ಅವು ಮನುಷ್ಯರ ಸುಖದುಃಖವನ್ನು ನೇರವಾಗಿ ಅಳೆಯುವುದಿಲ್ಲ ಎಂಬುದು ಅವರ ಕಾರಣ. ಏನನ್ನು ಅಳೆಯಬೇಕು ಎಂಬುದರಲ್ಲೇ ಅರ್ಧ ಜಗಳ ಅಡಗಿದೆ.

ಇನ್ನು ರಾಜಕೀಯ. ಇಲ್ಲಿ ನನ್ನ ಅಭಿಪ್ರಾಯ ತಪ್ಪಾದರೆ ನನಗೆ ಏನಾಗುತ್ತದೆ? ಸಾಮಾನ್ಯವಾಗಿ ಏನೂ ಇಲ್ಲ. ಲಕ್ಷಾಂತರ ಮತಗಳಲ್ಲಿ ನನ್ನದೊಂದು. ಅಭಿಪ್ರಾಯ ಬದಲಿಸಿದರೆ ಮಾತ್ರ ದಂಡ ಖಚಿತ: ಗೆಳೆಯರು ದೂರವಾಗುತ್ತಾರೆ, ನೆಂಟರು ಮುಖ ತಿರುಗಿಸುತ್ತಾರೆ. ಅಂದರೆ ಇಲ್ಲಿ ಲೆಕ್ಕ ತಲೆಕೆಳಗು. ತಪ್ಪಾಗಿರುವುದಕ್ಕೆ ದಂಡವಿಲ್ಲ, ತಿದ್ದಿಕೊಳ್ಳುವುದಕ್ಕೆ ದಂಡವಿದೆ. ಜೆಫ್ರಿ ಕೋಹೆನ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗೆ ಎರಡು ಸಮಾಜಕಲ್ಯಾಣ ಯೋಜನೆಗಳನ್ನು ತೋರಿಸಲಾಯಿತು, ಒಂದು ಉದಾರ, ಇನ್ನೊಂದು ಬಿಗಿ. ನಿಮ್ಮ ಪಕ್ಷ ಇದನ್ನು ಬೆಂಬಲಿಸುತ್ತದೆ ಎಂದಾಗ ಉದಾರವಾದಿ ವಿದ್ಯಾರ್ಥಿಗಳು ಬಿಗಿ ಯೋಜನೆಯನ್ನೂ ಒಪ್ಪಿದರು, ಸಂಪ್ರದಾಯವಾದಿಗಳು ಉದಾರ ಯೋಜನೆಯನ್ನೂ ಒಪ್ಪಿದರು. ಕಾರಣ ಕೇಳಿದರೆ ಯೋಜನೆಯ ವಿವರಗಳನ್ನು ನೋಡಿ ತೀರ್ಮಾನಿಸಿದೆವು ಎಂದರು. ಪಕ್ಷ ನೋಡಿ ಮರುಳಾಗುವುದು ಬೇರೆಯವರಂತೆ!

ಜನರಿಗೆ ಬುದ್ಧಿಯಿಲ್ಲ, ತಿಳಿದವರ ಕೈಗೆ ಕೊಟ್ಟುಬಿಡೋಣ ಎಂದು ಇಲ್ಲಿಂದ ಕೆಲವರು ಹೊರಡುತ್ತಾರೆ. ಅವರಿಗೆ ಎರಡು ವಿಷಯ ಹೇಳಬೇಕು. ಮೊದಲನೆಯದು, ತಿಳಿದವರ ಸಾಧನೆ. ಫಿಲಿಪ್ ಟೆಟ್ಲಾಕ್ ಎಂಬ ಮನಶ್ಶಾಸ್ತ್ರಜ್ಞ ಸುಮಾರು ಎರಡು ದಶಕಗಳ ಕಾಲ 284 ಮಂದಿ ರಾಜಕೀಯ ಮತ್ತು ಆರ್ಥಿಕ ಪರಿಣತರಿಂದ ಭವಿಷ್ಯ ಬರೆಸಿಕೊಂಡರು, ನೂರಕ್ಕೆ ಎಷ್ಟು ಸಾಧ್ಯತೆ ಎಂಬ ಅಂಕಿಯ ಸಮೇತ. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತಿಗೆ ಅವಕಾಶವಿರಲಿಲ್ಲ. ಸರಾಸರಿ ಪರಿಣತರ ಸಾಧನೆ ಕುರುಡು ಊಹೆಗಿಂತ ಹೆಚ್ಚೇನೂ ಮೇಲಿರಲಿಲ್ಲ. ಎಲ್ಲವನ್ನೂ ಒಂದೇ ದೊಡ್ಡ ಸಿದ್ಧಾಂತದಲ್ಲಿ ವಿವರಿಸುವವರು ಇನ್ನೂ ಹಿಂದೆ, ಹೆಚ್ಚು ಹೆಸರು ಮಾಡಿದವರೂ ಹಿಂದೆ. ಟಿವಿಗೆ ಬೇಕಾದದ್ದು ಅಂಥವರೇ ತಾನೆ.

ಎರಡನೆಯದು ಒಂದು ಎತ್ತಿನ ಕಥೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ಜಾನುವಾರು ಪ್ರದರ್ಶನವೊಂದರಲ್ಲಿ ಎತ್ತಿನ ತೂಕ ಊಹಿಸುವ ಸ್ಪರ್ಧೆ ಇತ್ತು; ಕಡಿದು ಸಿದ್ಧಪಡಿಸಿದ ಮೇಲೆ ಎಷ್ಟು ತೂಗುತ್ತದೆ ಎಂದು ಚೀಟಿಯಲ್ಲಿ ಬರೆಯಬೇಕು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಆ ಚೀಟಿಗಳನ್ನು ತರಿಸಿಕೊಂಡು ಮರುವರ್ಷ ಫಲಿತಾಂಶ ಪ್ರಕಟಿಸಿದರು. ಓದಲು ಬಂದ 787 ಚೀಟಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬಂದ ಊಹೆ 1,207 ಪೌಂಡ್ ತೂಕ, ನಿಜವಾದ ತೂಕ 1,198. ಜನಸಮೂಹದ ಜಾಣ್ಮೆಗೆ ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಗಾಲ್ಟನ್ ಅಲ್ಲೇ ಬರೆದಿದ್ದ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತಾರೆ. ಚೀಟಿಗೆ ಆರು ಪೆನ್ಸ್ ಶುಲ್ಕವಿತ್ತು, ಹಾಗಾಗಿ ತಮಾಷೆಗೆ ಬರೆಯುವವರು ಬರಲಿಲ್ಲ. ಬಹುಮಾನವಿತ್ತು, ಹಾಗಾಗಿ ಪ್ರತಿಯೊಬ್ಬರೂ ಮನಸ್ಸಿಟ್ಟು ಬರೆದರು. ಭಾಷಣ ಕೇಳಿ ಯಾರೂ ಬರೆಯಲಿಲ್ಲ. ಆರು ಪೆನ್ಸ್ ದಂಡ ಇಟ್ಟರೆ ಜನ ಇಷ್ಟು ಚೆನ್ನಾಗಿ ಯೋಚಿಸುತ್ತಾರೆ ಎಂಬುದೇ ಆ ಕಥೆಯ ಜೀವ ಎಂದು ನಾನು ಓದುತ್ತೇನೆ.

ಹಾಗೆಂದು ಮತಕ್ಕೆ ಶುಲ್ಕ ಇಡಬೇಕೆಂದು ನಾನು ಹೇಳುತ್ತಿಲ್ಲ. ಮತ ಎತ್ತಿನ ತೂಕದ ಊಹೆಯಲ್ಲ. ಚಪ್ಪಲಿ ಎಲ್ಲಿ ಕಚ್ಚುತ್ತದೆ ಎಂಬುದು ಹಾಕಿಕೊಂಡವರಿಗೇ ಗೊತ್ತು, ಅದನ್ನು ಹೇಳಲು ಚರ್ಮದ ಶಾಸ್ತ್ರ ಓದಿರಬೇಕಾಗಿಲ್ಲ. ರಾಜಕೀಯ ಅಭಿಪ್ರಾಯದೊಳಗೆ ಎರಡು ಬಗೆಯ ಮಾತುಗಳು ಹೆಣೆದುಕೊಂಡಿರುತ್ತವೆ, ಒಂದು ಏನು ಬೇಕು ಎಂಬುದು, ಇನ್ನೊಂದು ಹೀಗೆ ಮಾಡಿದರೆ ಅದು ಸಿಗುತ್ತದೆ ಎಂಬುದು. ಮತದಾನ ಕಡ್ಡಾಯವಾಗಬೇಕು ಎಂಬ ನನ್ನ ನಿಲುವನ್ನೇ ಬಿಡಿಸಿ ನೋಡೋಣ. ಪ್ರತಿಯೊಬ್ಬರ ಮತವೂ ಎಣಿಕೆಗೆ ಬರಬೇಕು ಎಂಬುದು ನನ್ನ ಬಯಕೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ, ಅಂಕಿಅಂಶಗಳಿಂದ ಅದು ಬದಲಾಗುವುದೂ ಇಲ್ಲ. ಕಡ್ಡಾಯ ಮಾಡಿದರೆ ಜನ ಬರುತ್ತಾರೆ ಎಂಬುದು ಪರೀಕ್ಷಿಸಬಹುದಾದ ಮಾತು: ಆಸ್ಟ್ರೇಲಿಯ 1924ರಲ್ಲಿ ಕಾನೂನು ತಂದಿತು, 1922ರಲ್ಲಿ ಶೇಕಡಾ 60ನ್ನೂ ಮುಟ್ಟದಿದ್ದ ಮತದಾನ 1925ರಲ್ಲಿ 91 ದಾಟಿತು. ಎಲ್ಲರೂ ಬಂದರೆ ಬಡವರ ಪರವಾದ ಸರ್ಕಾರ ಬರುತ್ತದೆ ಎಂಬುದು ಮೂರನೆಯ ಮಾತು, ಅದನ್ನು ನಾನು ಪಿಸುಮಾತಿನಲ್ಲಷ್ಟೇ ಹೇಳಬೇಕು. ಆದರೆ ವೇದಿಕೆಯ ಮೇಲೆ ಇವು ಮೂರೂ ಒಂದೇ ದನಿಯಲ್ಲಿ ಹೊರಬರುತ್ತವೆ.

ಕೊನೆಗೆ, ನನ್ನ ಅಭಿಪ್ರಾಯಗಳನ್ನು ಹೇಳಿಸಲೆಂದೇ ಕರೆಸಿದ್ದೀರಿ, ಕೆಲವನ್ನು ದಂಡದ ಸಮೇತ ಇಡುತ್ತೇನೆ. ಸಂಶೋಧನಾ ಪ್ರಬಂಧ ಅಚ್ಚಾಗುವ ದಿನವೇ ಅದರ ಮೂಲ ಅಂಕಿಅಂಶ, ಲೆಕ್ಕದ ಕಡತ ಎಲ್ಲರಿಗೂ ಸಿಗಬೇಕು. ಇದರಲ್ಲಿ ನನಗೆ ಸಂಶಯವೇ ಇಲ್ಲ, ಐದು ಸಾಲು ಬಿಟ್ಟುಹೋದ ಕಡತದ ಕಥೆ ಈಗಷ್ಟೇ ಹೇಳಿದೆ. ಬಡ್ಡಿದರದ ತೀರ್ಮಾನ ಚುನಾವಣೆಗೆ ನಿಲ್ಲುವವರ ಕೈಯಲ್ಲಿ ಇರಬಾರದು. ನೂರಕ್ಕೆ ಎಂಬತ್ತು ಪಾಲು ನಂಬಿದ್ದೇನೆ. ಆ ತೀರ್ಮಾನವನ್ನು ಮಂತ್ರಿಗಳ ಕೈಗೆ ಕೊಟ್ಟ ದೇಶಗಳು ಹತ್ತು ವರ್ಷ ಹಣದುಬ್ಬರವನ್ನು ಉಳಿದವರಷ್ಟೇ ಹತೋಟಿಯಲ್ಲಿ ಇಟ್ಟು ತೋರಿಸಿದರೆ ಬಿಟ್ಟುಕೊಡುತ್ತೇನೆ. ಮಕ್ಕಳ ಕೈಗೆ ಯಾವ ವಯಸ್ಸಿನಲ್ಲಿ ಮೊಬೈಲ್ ಕೊಡಬೇಕು ಎಂಬುದರ ಬಗ್ಗೆ ನನಗೆ ಬಲವಾದ ಅನಿಸಿಕೆ ಇದೆ, ಪುರಾವೆ ಅಷ್ಟು ಬಲವಾಗಿಲ್ಲ. ಆದ್ದರಿಂದ ನನ್ನ ಮನೆಯಲ್ಲಿ ಜಾರಿ ಮಾಡುತ್ತೇನೆ, ನಿಮ್ಮ ಮನೆಗೆ ತರುವುದಿಲ್ಲ. ಇನ್ನು ಬರೆಯುವ, ಲೆಕ್ಕ ಮಾಡುವ, ಮಾತಾಡುವ ಯಂತ್ರಗಳ ಬಗ್ಗೆ. ಅವು ಕಚೇರಿ ಕೆಲಸದ ರೂಪವನ್ನು ಗುರುತು ಸಿಗದಷ್ಟು ಬದಲಿಸುತ್ತವೆ, ಆದರೆ ಒಟ್ಟು ಉದ್ಯೋಗವನ್ನು ನುಂಗಲಾರವು ಎಂದುಕೊಂಡಿದ್ದೇನೆ. ನೂರಕ್ಕೆ ಅರವತ್ತು, ಹೆಚ್ಚಿಲ್ಲ. ಹತ್ತು ವರ್ಷದ ಮೇಲೆ, ಈ ಯಂತ್ರಗಳು ಹೆಚ್ಚು ಬಳಕೆಯಲ್ಲಿರುವ ದೇಶಗಳಲ್ಲಿ ಕೆಲಸದಲ್ಲಿರುವವರ ಪ್ರಮಾಣ ಇಂದಿಗಿಂತ ಶೇಕಡಾ ಐದು ಅಂಶದಷ್ಟು ಕುಸಿದಿದ್ದರೆ ನಾನು ಸೋತಂತೆ. ಆಗ ನಾನು ಮುದುಕರ ಸಂಖ್ಯೆ ಹೆಚ್ಚಾಯಿತು, ಅದಕ್ಕೇ ಕುಸಿಯಿತು ಎಂದು ನುಣುಚಿಕೊಳ್ಳಲು ನೋಡಬಹುದು. ಅದಕ್ಕೆ ಎಡೆ ಇಲ್ಲದಂತೆ 25ರಿಂದ 54 ವರ್ಷದವರನ್ನು ಮಾತ್ರ ಎಣಿಸಿ. ಆ ಹಾಳೆ ಹೇಗೂ ನಿಮ್ಮ ಕೈಯಲ್ಲಿದೆ, ಸೈಕಲ್ಲಿನ ಪಕ್ಕ ಇಂದಿನ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ.